ಗಾಯವಿಲ್ಲದ ಮುನ್ನೂರು ದಿನ

ಹ್ಯಾನ್‌ಕಾಕ್, ಮಿಷಿಗನ್
ಫೆಬ್ರವರಿ 6, 1994

ಪ್ರೀತಿಯ ಮಾರ್ಲಿಸ್,

ನಿನ್ನ ಕಾಗದ ಬಂದ ದಿನ ಬಾಗಿಲ ಮುಂದೆ ಸೊಂಟದೆತ್ತರ ಹಿಮ ಬಿದ್ದಿತ್ತು. ಅಂಚೆಯವನು ಅದನ್ನು ಸಲಿಕೆಯ ಮೇಲಿಟ್ಟು ಕಿಟಕಿಗೆ ಚಾಚಿದ. ನನ್ನ ತಂಗಿ ಹಿಲ್ಮಾಳ ಮಗಳು ನೂರಾನಲವತ್ತು ಜನರಿರುವ ಸಾಮಿಲ್ಲಿನಲ್ಲಿ ಸಿಬ್ಬಂದಿಯ ಮುಖ್ಯಸ್ಥೆಯಾಗಿದ್ದಾಳೆ ಎಂದು ಓದಿದೆ. ಆಮೇಲೆ ಗೋಡೆಯ ಮೇಲಿರುವ ನಿನ್ನ ಅಮ್ಮನ ಪಟಕ್ಕೂ ಗಟ್ಟಿಯಾಗಿ ಓದಿ ಹೇಳಿದೆ. ನಿನ್ನ ತಮ್ಮ ರೇನೊನನ್ನೂ ಅಲ್ಲಿಗೇ ಕರೆಸಿಕೊಂಡೆಯಲ್ಲ, ಅದು ಇನ್ನೂ ಒಳ್ಳೆಯದು. ಗರಗಸದ ಹಲ್ಲು ಮಸೆಯುವುದನ್ನು ಅವನು ನನ್ನ ಮೇಜಿನ ಪಕ್ಕ ನಿಂತು ಕಲಿತವನು. ಅವನ ಕೈಯನ್ನು ನೀನು ನಂಬಬಹುದು.

ಜನರಿಗೆ ಕೆಲಸದಲ್ಲಿ ಮನಸ್ಸು ಹತ್ತುವಂತೆ ಮಾಡುವುದು ಹೇಗೆ ಎಂದು ಕೇಳಿದ್ದೀಯ. ಏಳನೆಯ ತರಗತಿಗೆ ಶಾಲೆ ಬಿಟ್ಟವನನ್ನು ಕೇಳಿದ್ದೀಯ, ನಗು ಬಂತು. ಹೆಚ್ಚು ಓದದವನು ಕಂಡದ್ದನ್ನೇ ಹೇಳಬೇಕಲ್ಲ, ಕೇಳು.

ನಮ್ಮ ಮಿಲ್ಲಿನಲ್ಲಿ ಶುಕ್ರವಾರ ಬೆಳಗಿನ ಕಾಫಿಗೆ ನಾವೆಲ್ಲ ಗರಗಸ ಮಸೆಯುವ ಕೋಣೆಯಲ್ಲಿ ಸೇರುತ್ತಿದ್ದೆವು. ಮೇಜಿನ ಮೇಲೆ ನಿಸು ಇರುತ್ತಿತ್ತು, ನಿನ್ನ ಅಮ್ಮ ಏಲಕ್ಕಿ ಹಾಕಿ ಜಡೆ ಹೆಣೆದು ಸುಡುತ್ತಿದ್ದ ಅದೇ ಸಿಹಿ ರೊಟ್ಟಿ. ಕತ್ತರಿಸುವ ಮುಂಚೆ ಒಂದೇ ಪ್ರಶ್ನೆ: "ಈ ವಾರ ಯಾರಿಗೆ ಎದೆ ಝಲ್ ಅಂತು?" ತಾನು ಮಾಡಿದ ತಪ್ಪನ್ನು, ಕೂದಲೆಳೆಯಲ್ಲಿ ಪಾರಾದದ್ದನ್ನು ಮುಚ್ಚಿಡದೆ ಹೇಳಿದವನಿಗೆ ಮೊದಲ ತುಂಡು. ತುದಿಯದು, ಸಕ್ಕರೆ ಹೆಚ್ಚು ಅಂಟಿರುವುದು.

ಒಮ್ಮೆ ಒಬ್ಬ ಹೇಳಿದ್ದ: "ದಿಮ್ಮಿ ಎಳೆಯೋ ಸರಪಳಿಗೆ ನನ್ನ ಅಂಗಿ ಸಿಕ್ಕಿತ್ತು ಕಣ್ರೋ. ಗುಂಡಿ ಕಿತ್ತು ಬರದೆ ಇದ್ದಿದ್ರೆ ಇಷ್ಟೊತ್ತಿಗೆ ನೀವೆಲ್ಲ ನನ್ನ ಹೆಂಡತಿಗೆ ಸಮಾಧಾನ ಹೇಳ್ತಿದ್ರಿ."

"ನಾವು ತಯಾರಾಗೇ ಇದ್ವಿ, ಹಾಳು ಗುಂಡಿ ಕೆಡಿಸ್ತು" ಎಂದ ಇನ್ನೊಬ್ಬ.

ನಕ್ಕೆವು. ಆದರೆ ಅಂದೇ ಮಧ್ಯಾಹ್ನ ಆ ಸರಪಳಿಗೆ ತಗಡಿನ ಮುಚ್ಚಳ ಬಂತು. ರೊಟ್ಟಿಯ ಆಸೆಗೆ ಯಾರೂ ಹೇಳುತ್ತಿರಲಿಲ್ಲ ಮಗಳೇ. ಕೇಳುವವರಿದ್ದರು, ಅದಕ್ಕೇ ಹೇಳುತ್ತಿದ್ದರು.

ನಿನ್ನ ವೈನೊ ಮಾವ


ಐಡಹೊ
ಮಾರ್ಚ್ 3, 1994

ಪ್ರೀತಿಯ ಮಾವ,

ನಿಮ್ಮ ನಿಸು ಕಥೆಯನ್ನು ಸಭೆಯಲ್ಲಿ ಹೇಳಿದೆ. ಎಲ್ಲರೂ ನಕ್ಕರು, ನಮ್ಮ ಮೇಸ್ತ್ರಿ ಡೆಲ್ ಕೂಡ ನಕ್ಕ. ಅವನನ್ನು ನಗಿಸುವುದು ಹುಡುಗಾಟವಲ್ಲ. ಆದರೆ ತಪ್ಪು ಮಾಡಿದವನಿಗೆ ಬಹುಮಾನ ಎಂದರೆ ಮೇಲಿನವರು ಒಪ್ಪುವುದಿಲ್ಲ. ನಾನು ಅದನ್ನೇ ಸ್ವಲ್ಪ ತಿರುಗಿಸಿದೆ. ತಪ್ಪಾಗದೆ ಇದ್ದರೆ ಬಹುಮಾನ.

ಗೇಟಿನ ಬಳಿ ದೊಡ್ಡ ಹಲಗೆ ನಿಲ್ಲಿಸಿದ್ದೇವೆ. "ಗಾಯವಿಲ್ಲದ ದಿನಗಳು" ಎಂದು ಮೇಲೆ, ಕೆಳಗೆ ಅಂಕಿ. ಮೊನ್ನೆ ಒಂದನೆಯ ತಾರೀಕು ಶುರುವಾಯಿತು, ದಿನಕ್ಕೊಂದು ಏರುತ್ತದೆ. ಯಾರಿಗಾದರೂ ಗಾಯವಾಯಿತು ಎಂದು ಬರೆಸಿದರೆ ಮತ್ತೆ ಸೊನ್ನೆ. ಐವತ್ತು ದಿನಕ್ಕೆ ಎಲ್ಲರಿಗೂ ಟೋಪಿ, ನೂರಕ್ಕೆ ಊಟ, ಇನ್ನೂರಕ್ಕೆ ಜಾಕೆಟ್. ಮುನ್ನೂರಕ್ಕೆ ಹೊಸ ಕೆಂಪು ಪಿಕಪ್ ಟ್ರಕ್, ಚೀಟಿ ಎತ್ತಿ ಒಬ್ಬರಿಗೆ. ಲೆಕ್ಕ ಹಾಕಿ ನೋಡಿದೆ, ಮುನ್ನೂರನೆಯ ದಿನ ಸರಿಯಾಗಿ ಕ್ರಿಸ್‌ಮಸ್. ಟ್ರಕ್ಕನ್ನು ಈಗಲೇ ತಂದು ಹಲಗೆಯ ಪಕ್ಕ ನಿಲ್ಲಿಸಿದ್ದೇವೆ. ಊಟದ ಬಿಡುವಿನಲ್ಲಿ ಸರದಿಯ ಮೇಲೆ ಅದರಲ್ಲಿ ಕೂತು ಬರುತ್ತಾರೆ.

ಇನ್ನೊಂದು, ನಿಮಗೆ ಹೇಳಲೇಬೇಕು. ದಿಮ್ಮಿಯೊಳಗಿನ ಕಬ್ಬಿಣ ಪತ್ತೆ ಮಾಡುವ ಯಂತ್ರವನ್ನು ಹಟ ಹಿಡಿದು ತರಿಸಿದೆ. ಯಾರೋ ಹಳೆಯ ಬೇಲಿಗೆ ಹೊಡೆದು ಮರೆತ ಮೊಳೆಯೊಂದು ದಿಮ್ಮಿಯಲ್ಲಿ ಉಳಿದು, ಗರಗಸ ತುಂಡಾಗಿ ಅಪ್ಪನನ್ನು ಕೊಂದಿತಲ್ಲ, ಇಲ್ಲಿ ಯಾರ ಅಪ್ಪನೂ ಹಾಗೆ ಹೋಗಬಾರದು. ನಾನು ಈ ಕೆಲಸಕ್ಕೆ ಬಂದದ್ದೇ ಆ ಮೊಳೆಗಾಗಿ.

ಅಂದಹಾಗೆ ನಿಸು ಪದ್ಧತಿ ಶುರು ಮಾಡಿದ್ದು ಯಾರು? ಅಪ್ಪನ ಕಾಲದಲ್ಲೂ ಇತ್ತೇ?

ನಿಮ್ಮ ಮಾರ್ಲಿಸ್


ಹ್ಯಾನ್‌ಕಾಕ್
ಮಾರ್ಚ್ 20, 1994

ಪ್ರೀತಿಯ ಮಾರ್ಲಿಸ್,

ಟ್ರಕ್ಕು ಚೆನ್ನಾಗಿರಬಹುದು. ಹಲಗೆಯ ಬಗ್ಗೆ ನನಗೆ ಒಂದು ಅನುಮಾನ. ಮುದುಕನ ಗೊಣಗಾಟ ಎಂದುಕೊಂಡಾದರೂ ಓದು.

ಮೂರನೆಯ ದಿನ ಬೆರಳು ಕೊಯ್ದುಕೊಂಡವನು ಎಲ್ಲರಿಂದ ಮೂರು ದಿನ ಕಿತ್ತುಕೊಳ್ಳುತ್ತಾನೆ, ಅದನ್ನು ಮರೆಯುತ್ತಾರೆ. ಇನ್ನೂರೈವತ್ತನೆಯ ದಿನ ಕೊಯ್ದುಕೊಂಡವನು ಯಾರ ಮುಖ ನೋಡಬೇಕು? ಅಂಕಿ ಏರಿದಷ್ಟೂ ಅದು ಬೆನ್ನಿನ ಮೇಲೆ ಭಾರವಾಗುತ್ತದೆ. ಅಷ್ಟು ಭಾರ ಹೊತ್ತವನ ಬಾಯಿ ತೆರೆಯುವುದಿಲ್ಲ.

ನಿಸು ಶುರು ಮಾಡಿದ್ದು ಯಾರೋ, ಹಳೆಯ ಮಾತು, ಬಿಡು. ನಿನ್ನ ಅಪ್ಪ ಉರ್ಹೊನ ಕಾಲದಲ್ಲಿ ಇರಲಿಲ್ಲ. ಕಬ್ಬಿಣ ಹುಡುಕುವ ಯಂತ್ರ ತರಿಸಿದ್ದು ಒಳ್ಳೆಯದೇ. ಎಲ್ಲ ಮಿಲ್ಲಿನಲ್ಲೂ ಇರಬೇಕಾದದ್ದು.

ಕೆರೆಯ ಮೇಲಿನ ಹಿಮಗಡ್ಡೆ ಈ ವರ್ಷ ತಡವಾಗಿ ಒಡೆಯುವಂತಿದೆ.

ನಿನ್ನ ವೈನೊ ಮಾವ


ಐಡಹೊ
ಜುಲೈ 14, 1994

ಪ್ರೀತಿಯ ಮಾವ,

ನೂರಮೂವತ್ತಾರು. ನಿಮ್ಮ ಅನುಮಾನ ಸುಳ್ಳಾಯಿತು, ಕೋಪ ಮಾಡಿಕೊಳ್ಳಬೇಡಿ. ನೂರಕ್ಕೆ ಊಟ ಹಾಕಿಸಿದೆವು. ಡೆಲ್ ಮೇಜಿನ ಮೇಲೆ ಹತ್ತಿ, "ಟ್ರಕ್ಕು ಯಾರಿಗೆ ಬೇಕ್ರೋ?" ಎಂದರೆ ತಗಡಿನ ಚಾವಣಿ ಹಾರಿಹೋಗುವ ಹಾಗೆ ಕೂಗಿದರು. ಇಷ್ಟು ಹುಮ್ಮಸ್ಸನ್ನು ನಾನು ಯಾವ ಮಿಲ್ಲಿನಲ್ಲೂ ಕಂಡಿಲ್ಲ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಮೇ ತಿಂಗಳಿಂದ ಹೊಸ ಸಾಮಾನು ಹಾಕಿಯೇ ಇಲ್ಲ. ಒಂದು ಪಟ್ಟಿ ಸಹ ಖರ್ಚಾಗಿಲ್ಲ. ಇನ್ನೊಂದು ಖುಷಿಯೆಂದರೆ ಈ ಸುಡು ಬೇಸಿಗೆಯಲ್ಲೂ ಯಾರೂ ಕೈಗವಸು ತೆಗೆಯುವುದಿಲ್ಲ. ಮೊದಲು ಗೋಗರೆದರೂ ಹಾಕುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಕೆಲವರು ಹಾಕಿಕೊಂಡೇ ಇರುತ್ತಾರೆ. ಶಿಸ್ತು ರಕ್ತಕ್ಕೆ ಇಳಿದರೆ ಹೀಗೆ.

ರೇನೊ ಚೆನ್ನಾಗಿದ್ದಾನೆ. ಟ್ರಕ್ಕಿನ ಮೇಲೆ ಅವನದೂ ಕಣ್ಣು.

ನಿಮ್ಮ ಮಾರ್ಲಿಸ್


ಹ್ಯಾನ್‌ಕಾಕ್
ಜುಲೈ 22, 1994

ಮಾರ್ಲಿಸ್,

ಕೈಗವಸು ಹಾಕಿಕೊಂಡು ಊಟ ಮಾಡುವವರನ್ನು ನಾನು ಎಪ್ಪತ್ತೇಳು ವರ್ಷದಲ್ಲಿ ಕಂಡಿಲ್ಲ.

ಮರ ಕೊಯ್ಯುವ ಜಾಗದಲ್ಲಿ ಎರಡು ತಿಂಗಳು ಒಂದು ಪಟ್ಟಿಯೂ ಖರ್ಚಾಗಲಿಲ್ಲವೆಂದರೆ ಅಲ್ಲಿ ಮರ ಕೊಯ್ಯುತ್ತಿಲ್ಲ. ಇಲ್ಲವೇ ಪಟ್ಟಿ ಮನೆಯಿಂದ ಬರುತ್ತಿದೆ. ಚೂರು ಚುಚ್ಚದೆ, ಬೆರಳು ತರಚದೆ ಹಲಗೆ ಹೇಗೆ ಎತ್ತುತ್ತಾರೆ? ಒಂದು ಕೆಲಸ ಮಾಡು. ನಾಳೆ ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಗವಸು ತೆಗೆಯಲು ಹೇಳು. ಬಯ್ಯಬೇಡ, ಬರಿದೇ ನೋಡು.

ನನ್ನ ಹುಟ್ಟುಹಬ್ಬಕ್ಕೆ ರೇನೊ ಕಳಿಸಿದ ಕಾರ್ಡು ಬಂತು. ಎರಡೇ ಸಾಲು. ಅಕ್ಷರಗಳು ಗಾಳಿಗೆ ಸಿಕ್ಕ ಬೇಲಿಯ ಹಾಗೆ ಎಡಕ್ಕೆ ವಾಲಿವೆ. ಅವನು ಬಲಗೈಯವನು. ಯಾರ ಕೈಲಾದರೂ ಬರೆಸಿದನೇ?

ಮಾವ


ಐಡಹೊ
ಸೆಪ್ಟೆಂಬರ್ 30, 1994

ಮಾವ,

ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಇವತ್ತು ಇನ್ನೂರಹದಿನಾಲ್ಕು. ಮೇಲಿನ ಕಚೇರಿಯಿಂದ ಮೂವರು ಹಲಗೆ ನೋಡಲು ಬಂದಿದ್ದರು. ಉಳಿದ ನಾಲ್ಕು ಮಿಲ್ಲಿನಲ್ಲೂ ಹೀಗೇ ಮಾಡಬೇಕು ಎಂದು ಹೇಳಿ ಹೋದರು.

ಜನರನ್ನು ಸಾಲಾಗಿ ನಿಲ್ಲಿಸಿ ಕೈ ತೋರಿಸಿ ಎನ್ನಲು ನಾನು ಪ್ರೈಮರಿ ಶಾಲೆಯ ಟೀಚರಲ್ಲ. ನಂಬಿಕೆ ಇಟ್ಟವರನ್ನು ಹಾಗೆ ಅವಮಾನ ಮಾಡಲು ನನಗೆ ಮನಸ್ಸಿಲ್ಲ.

ಹಲಗೆ ಜೋಡಿಸುವವರಲ್ಲಿ ಒಬ್ಬ ಹೋದ ತಿಂಗಳು ತೊಂಬತ್ತು ಮೈಲಿ ಕಾರು ಓಡಿಸಿಕೊಂಡು ಬೇರೆ ಊರಿನ ಆಸ್ಪತ್ರೆಗೆ ಹೋಗಿ ಕಾಲಿನ ಮೂಳೆ ಕೂಡಿಸಿಕೊಂಡು ಬಂದ. ಮನೆಯ ಏಣಿಯಿಂದ ಬಿದ್ದನಂತೆ. ಅವನ ಹೆಂಡತಿ ನನಗೆ ಫೋನ್ ಮಾಡಿದಳು, ಸುಮ್ಮನೆ ಅತ್ತಳು, ಇಟ್ಟುಬಿಟ್ಟಳು. ಡೆಲ್‌ನ ಕೇಳಿದೆ. "ಮೇಡಂ, ಅವ್ನ ಮನೇಲಿ ಏಣಿ ಇದೆಯೋ ಇಲ್ವೋ ನೋಡೋದು ನಮ್ಮ ಕೆಲ್ಸ ಅಲ್ಲ" ಎಂದ.

ಇದನ್ನು ಯಾಕೆ ಬರೆದೆನೋ. ನಿಮಗೆ ಇನ್ನೊಂದು ಅನುಮಾನಕ್ಕೆ ದಾರಿಯಾಯಿತು.

ರೇನೊಗೆ ಕೆಲಸ ಹೆಚ್ಚು. ಅದಕ್ಕೇ ಬರೆಯುವುದಿಲ್ಲ.

ಮಾರ್ಲಿಸ್


ಹ್ಯಾನ್‌ಕಾಕ್
ಅಕ್ಟೋಬರ್ 11, 1994

ಪ್ರೀತಿಯ ಮಾರ್ಲಿಸ್,

ನೀನು ಕೋಪದಲ್ಲಿ ಬರೆದೆ ಎಂದು ನನಗೆ ಬೇಸರವಿಲ್ಲ. ನಿನ್ನ ಅಮ್ಮನೂ ಕೋಪ ಬಂದರೆ ಅಕ್ಷರ ಒತ್ತಿ ಬರೆಯುತ್ತಿದ್ದಳು, ಕಾಗದದ ಹಿಂಬದಿ ಮುಟ್ಟಿದರೆ ಉಬ್ಬು ಸಿಗುತ್ತಿತ್ತು.

ನಿನಗೆ ಒಂದು ವಿಷಯ ಹೇಳುವುದಿದೆ. ಮೂವತ್ತೆಂಟು ವರ್ಷದಿಂದ ಇದೆ. ಭಾನುವಾರ ಫೋನ್ ಮಾಡಿದ್ದು ಅದಕ್ಕೇ. ನೀನು ಎತ್ತಿದೆ, "ಹೇಳಿ ಮಾವ" ಎಂದೆ, ನಾನು ನಿಮ್ಮಲ್ಲಿ ಹಿಮ ಬಿತ್ತೇ ಎಂದು ಕೇಳಿ ಇಟ್ಟೆ.

ಈ ಕಾಗದದಲ್ಲೂ ಆಗುತ್ತಿಲ್ಲ. ಮೂರು ಹಾಳೆ ಒಲೆಗೆ ಹಾಕಿದೆ. ರೇನೊನ ಕೈ ನೋಡು. ಅಷ್ಟು ಮಾಡು.

ಮಾವ


ಐಡಹೊ
ನವೆಂಬರ್ 20, 1994

ಮಾವ,

ಇನ್ನೂರರವತ್ತೈದು. ಊರಿನವರೆಲ್ಲ ಅಂಗಡಿಯಲ್ಲಿ ಸಿಕ್ಕರೆ ಅಂಕಿ ಕೇಳುತ್ತಾರೆ. ಟ್ರಕ್ಕಿಗೆ ಕೆಂಪು ರಿಬ್ಬನ್ ಕಟ್ಟಿದ್ದೇವೆ.

ನಿಮ್ಮ ವಿಷಯ ಏನೆಂದು ತಿಳಿಯಲಿಲ್ಲ. ಮನೆ ಮಾರುವ ಯೋಚನೆಯೇ? ಆರೋಗ್ಯವೇ? ಮುಚ್ಚಿಡಬೇಡಿ.

ರೇನೊನ ಕೈ ನೋಡಲು ಹೋದೆ. ಕೋಣೆಯ ಬಾಗಿಲಿಗೆ ಅಡ್ಡ ನಿಂತು, "ಅಕ್ಕ, ನೀನು ಅಧಿಕಾರಿಯಾಗಿ ಬಂದಿದ್ದೀಯೋ ಅಕ್ಕನಾಗೋ?" ಎಂದ. ಆಮೇಲೆ ತಾನೇ ನಕ್ಕುಬಿಟ್ಟ. ನಾನೂ ನಕ್ಕು ಬಂದೆ.

ನೀವು ಮಸೆದವರು, ನಿಮ್ಮನ್ನು ಒಂದು ಕೇಳಬೇಕು. ನನ್ನ ಕಚೇರಿಯ ಗೋಡೆಯಾಚೆಗೇ ದೊಡ್ಡ ಗರಗಸ. ಎರಡು ಗಾಲಿಗಳ ಮೇಲೆ ಸುತ್ತುವ ಆ ಉಕ್ಕಿನ ಪಟ್ಟಿಯ ಸದ್ದು ನನಗೆ ಉಸಿರಿನಷ್ಟು ರೂಢಿ. ಹತ್ತು ದಿನದಿಂದ ಅದರೊಳಗೆ ಇನ್ನೊಂದು ಸದ್ದು. ಟಿಕ್, ಟಿಕ್, ಗಡಿಯಾರದ ಹಾಗೆ, ಒಂದೇ ಅಳತೆಯಲ್ಲಿ. "ಚಳಿಗೆ ಉಕ್ಕು ಮಾತಾಡ್ತದೆ ಅಕ್ಕ" ಎಂದ ರೇನೊ. ನಿಮ್ಮ ಕಾಲದಲ್ಲೂ ಹಾಗೆ ಆಗುತ್ತಿತ್ತೇ?

ಮಾರ್ಲಿಸ್


ಹ್ಯಾನ್‌ಕಾಕ್
ನವೆಂಬರ್ 25, 1994

ಮಾರ್ಲಿಸ್,

ನಿನ್ನ ಕಾಗದ ಈಗ ಹತ್ತು ಗಂಟೆಗೆ ಬಂತು. ಮಿಲ್ಲಿಗೆ ಫೋನ್ ಮಾಡಿದೆ. ಹಬ್ಬದ ರಜೆ, ಸೋಮವಾರದವರೆಗೆ ಯಾರೂ ಇಲ್ಲ. ನಿನ್ನ ಮನೆಯಲ್ಲೂ ಎತ್ತಲಿಲ್ಲ, ಗಂಡನ ಮನೆಗೆ ಹೋಗಿರಬೇಕು. ರೇನೊನ ಫೋನೂ ಸುಮ್ಮನೆ ಹೊಡೆದುಕೊಂಡಿತು. ಮತ್ತೆ ಮತ್ತೆ ಮಾಡುತ್ತೇನೆ. ಅಷ್ಟರಲ್ಲಿ ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ, ಸೋಮವಾರ ಬೆಳಗ್ಗೆ ನಿನ್ನ ಮೇಜಿಗೆ ಬರುತ್ತದೆ ಎಂದು ಮಾತು ಕೊಟ್ಟಿದ್ದಾರೆ.

ಓದುವ ಮೊದಲು ಗರಗಸ ನಿಲ್ಲಿಸು. ಉಕ್ಕು ಚಳಿಗೆ ಮಾತಾಡುವುದಿಲ್ಲ. ಒಂದೇ ಅಳತೆಯಲ್ಲಿ ಟಿಕ್ ಎಂದರೆ ಪಟ್ಟಿಯಲ್ಲಿ ಬಿರುಕು ಇದೆ, ಸುತ್ತಿಗೊಮ್ಮೆ ಅದು ಗಾಲಿಯ ಮೇಲೆ ಬಾಯಿ ತೆರೆಯುತ್ತಿದೆ. ರೇನೊಗೆ ಗೊತ್ತು. ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ, ಕಲಿಸಿದವನು ನಾನು. ಅವನ ಬಲಗೈ ಕೆಟ್ಟಿದೆ, ಅದನ್ನು ಅಡಗಿಸಿದ್ದಾನೆ, ಎಡಗೈಯಲ್ಲಿ ಮಸೆಯುತ್ತಿದ್ದಾನೆ. ಹಲ್ಲಿನ ಬುಡ ಸರಿಯಾಗಿ ಮಸೆಯದಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಈಗ ನನ್ನ ವಿಷಯ.

1956ರಲ್ಲಿ ನಮ್ಮ ಮಿಲ್ಲಿನ ಯಜಮಾನ ಒಂದು ಮಾತು ಹೇಳಿದ್ದ. ಡಿಸೆಂಬರ್ ತಿಂಗಳಲ್ಲಿ ಒಂದು ದಿನವೂ ಗರಗಸ ನಿಲ್ಲದಿದ್ದರೆ ಕ್ರಿಸ್‌ಮಸ್ಸಿಗೆ ಮನೆಗೊಂದು ಹಂದಿಯ ತೊಡೆ. ಅರವತ್ತು ಮನೆ. ಹೆಂಗಸರು ಆಗಲೇ ಒಲೆಯ ಅಳತೆ ನೋಡುತ್ತಿದ್ದರು. ಹದಿನೇಳನೆಯ ತಾರೀಕು ಬೆಳಗ್ಗೆ ಪಟ್ಟಿಯಲ್ಲಿ ಉಗುರಿನಷ್ಟು ಬಿರುಕು ಕಂಡೆ. ಇಳಿಸಬೇಕಿತ್ತು. ಇನ್ನೊಂದು ಪಟ್ಟಿ ಬೆಸುಗೆಗೆ ಹೋಗಿತ್ತು. ಇಳಿಸಿದರೆ ಅರ್ಧ ದಿನ ಮಿಲ್ಲು ನಿಲ್ಲುತ್ತಿತ್ತು, ಅರವತ್ತು ಮನೆಯ ಊಟ ನನ್ನ ತಲೆಗೆ ಬರುತ್ತಿತ್ತು. ಬಿರುಕಿನ ತುದಿಗೆ ಉಳಿಯಿಂದ ಒಂದು ಚುಕ್ಕೆ ಹೊಡೆದೆ. ಚುಕ್ಕೆ ದಾಟಿ ಬಿರುಕು ಹೋಗುವುದಿಲ್ಲ ಎಂದು ನಾವು ಮಸೆಯುವವರು ನಂಬುತ್ತೇವೆ. ಸಂಜೆಯವರೆಗೆ ತಡೆದರೆ ಸಾಕು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಗರಗಸದ ಮುಂದೆ ನಿಲ್ಲುವ ಉರ್ಹೊಗೂ ಹೇಳಲಿಲ್ಲ. ಅವನು ನನ್ನ ತಂಗಿಯ ಗಂಡ. ಬೆಳಗ್ಗೆ ಕಾಫಿ ಕುಡಿಯುತ್ತ, "ಏನೋ ವೈನೊ, ಮುಖ ಹುಳಿ ತಿಂದ ಹಾಗಿದೆ" ಎಂದ. ಹಲ್ಲುನೋವು ಎಂದೆ.

ಎರಡೂ ಮುಕ್ಕಾಲಿಗೆ ಪಟ್ಟಿ ತುಂಡಾಯಿತು.

ದಿಮ್ಮಿಯಲ್ಲಿ ಮೊಳೆ ಇರಲಿಲ್ಲ ಮಾರ್ಲಿಸ್. ಯಾರೋ ಮೊಳೆ ಇದ್ದಿರಬೇಕು ಎಂದರು, ನಾನು ಇರಬಹುದು ಎಂದೆ. ಅಷ್ಟರಿಂದಲೇ ಅದು ನಿಜವಾಯಿತು. ಆ ವರ್ಷ ಹಂದಿಯ ತೊಡೆ ಬಂದದ್ದು ಒಂದೇ ಮನೆಗೆ, ನಿಮ್ಮ ಮನೆಗೆ. ಯಜಮಾನ ಕಳಿಸಿದ್ದನ್ನು ನಾನೇ ಹೊತ್ತು ತಂದೆ. ರೇನೊ ತೊಟ್ಟಿಲಲ್ಲಿದ್ದ. ನೀನು ನಾಲ್ಕು ವರ್ಷದವಳು, ನನ್ನ ತೊಡೆಯ ಮೇಲೆ ಕೂತು ತಿಂದೆ.

ನಿಸು ಶುರು ಮಾಡಿದ್ದು ಯಾರು ಎಂದು ನೀನು ಕೇಳಿದ್ದೆ. ನಾನು. ಮುಂದಿನ ಜನವರಿಯಲ್ಲಿ. ಎಲ್ಲರನ್ನೂ ಕೇಳಿದೆ, ಇಪ್ಪತ್ತೈದು ವರ್ಷ ಕೇಳಿದೆ. ನನ್ನದನ್ನು ಮಾತ್ರ ಹೇಳಲಿಲ್ಲ. ಆ ಮೊದಲ ತುಂಡನ್ನು ನಾನು ಒಮ್ಮೆಯೂ ತಿಂದಿಲ್ಲ.

ಗರಗಸ ನಿಲ್ಲಿಸು.

ವೈನೊ


ಐಡಹೊ
ಡಿಸೆಂಬರ್ 4, 1994

ವೈನೊ ಮಾವನಿಗೆ,

ಹಿಮಪಾತಕ್ಕೆ ದಾರಿ ಮುಚ್ಚಿತ್ತು, ಊರಿನ ಫೋನ್ ತಂತಿಯೂ ಕಡಿದಿತ್ತು. ಭಾನುವಾರ ಬರಬೇಕಾದವಳು ಸೋಮವಾರ ಬೆಳಗ್ಗೆ ನೇರ ಮಿಲ್ಲಿಗೇ ಬಂದೆ. ಅಂಚೆಯವನು ಒಂಬತ್ತು ಇಪ್ಪತ್ತಕ್ಕೆ ಬಂದ. ಗರಗಸ ಆರಕ್ಕೇ ಶುರುವಾಗಿತ್ತು. "ಓದುವ ಮೊದಲು" ಎಂಬಲ್ಲಿಗೆ ಓದುವುದನ್ನು ಬಿಟ್ಟೆ. ಗೋಡೆಯಾಚೆ ಟಿಕ್ ಎನ್ನುತ್ತಲೇ ಇತ್ತು. ಓಡಿ ಹೋಗಿ ಕೆಂಪು ಗುಂಡಿ ಒತ್ತಿದೆ. ಅಷ್ಟು ದೊಡ್ಡ ಮಿಲ್ಲು ಸುಮ್ಮನಾದರೆ ಕಿವಿಯಲ್ಲಿ ಏನೋ ಸುರಿದ ಹಾಗೆ ಆಗುತ್ತದೆ.

ಉಳಿದದ್ದನ್ನು ಅಲ್ಲೇ ಗರಗಸದ ಪಕ್ಕ ನಿಂತು ಓದಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕೊನೆಯವರೆಗೂ ಓದಿದೆ. ಮಡಿಸಿ ಜೇಬಿಗೆ ಹಾಕಿಕೊಂಡೆ.

ರೇನೊ ಬಂದ. "ಕೈಗವಸು ತೆಗಿ" ಎಂದೆ.

"ಅಕ್ಕ, ಇನ್ನು ಇಪ್ಪತ್ತೇಳೇ ದಿನ. ಆಮೇಲೆ ತೋರಿಸ್ತೀನಿ."

"ತೆಗಿಯೋ."

"ಇವರೆಲ್ಲ ನನ್ನನ್ನ ಕೊಂದ್ ಹಾಕ್ತಾರೆ" ಎಂದ, ನಗುತ್ತಲೇ ಎಂದ. ಡೆಲ್ ಮುಂದೆ ಬಂದು, "ಮೇಡಂ, ಒಬ್ಬನ ಬೆರಳಿಗೆ ನೂರಾನಲವತ್ತು ಜನರ ಟ್ರಕ್ ಹಾಳು ಮಾಡ್ತೀರಾ?" ಎಂದ. ಇದೇ ಮಾತನ್ನು ಅವನು ಜೂನ್‌ನಲ್ಲಿ ರೇನೊಗೂ ಹೇಳಿದ್ದನಂತೆ. ಬೇರೆಯವರಿಗೂ.

ಗವಸು ನಾನೇ ಎಳೆದೆ. ಬೆರಳಿಗೆ ಅಂಟಿಕೊಂಡಿತ್ತು. ತೋರುಬೆರಳು, ಮಧ್ಯದ ಬೆರಳು ಎರಡೂ ಸೊಟ್ಟಗೆ ಕೂಡಿಕೊಂಡಿದ್ದವು, ಒಂದರ ತುದಿ ಕಪ್ಪಾಗಿತ್ತು. ಜೂನ್ ಒಂಬತ್ತರಂದು ಮಸೆಯುವ ಯಂತ್ರಕ್ಕೆ ಸಿಕ್ಕಿದ್ದವಂತೆ, ಅಂದಿನಿಂದ ಹಾಗೇ. ಗುರುವಾರ ಆಸ್ಪತ್ರೆಯಲ್ಲಿ ತೋರುಬೆರಳನ್ನು ತೆಗೆದರು.

ಪಟ್ಟಿ ಇಳಿಸಿದೆವು. ಬಿರುಕು ನನ್ನ ಅಂಗೈಯಷ್ಟು ಉದ್ದ. ಅದರ ಮೇಲೆ ಮೂರು ಚುಕ್ಕೆ, ಸಾಲಾಗಿ. ರೇನೊ ಒಂದೊಂದು ದಿನ ಒಂದೊಂದು ಹೊಡೆದಿದ್ದಾನೆ. ಬಿರುಕು ಮೂರನ್ನೂ ದಾಟಿತ್ತು.

ಹಲಗೆಗೆ ಸೊನ್ನೆ ಹಾಕಿದ್ದು ನಾನೇ. ಅಂದು ಸಂಜೆ ನನ್ನ ಕಾರಿನ ಗಾಜು ಒಡೆದಿತ್ತು. ಮೇಲಿನ ಕಚೇರಿಗೆ ಎಲ್ಲ ಬರೆದು ಕಳಿಸಿದ್ದೇನೆ, ಫೋನಿನಲ್ಲಿ ಆ ಹೆಂಡತಿಯ ಅಳು ಕೇಳಿದ್ದೂ ನಾನೇ, ಕೈಗವಸು ನೋಡಿ ಹಿಗ್ಗಿದ್ದೂ ನಾನೇ ಎಂದು. ಉತ್ತರ ಬಂದಿಲ್ಲ. ಟ್ರಕ್ಕು ಇನ್ನೂ ಅಲ್ಲೇ ಇದೆ, ಯಾರೂ ಅದರ ಹತ್ತಿರ ಹೋಗುವುದಿಲ್ಲ.

ಶುಕ್ರವಾರ ಅಮ್ಮನ ಅಳತೆಯಲ್ಲಿ ನಿಸು ಸುಟ್ಟು ಮಸೆಯುವ ಕೋಣೆಯಲ್ಲಿಟ್ಟೆ. ಈ ವಾರ ಯಾರಿಗೆ ಎದೆ ಝಲ್ ಎಂದಿತು ಎಂದು ಕೇಳಿದೆ.  ಬಂದಿದ್ದವರು ಮೂವರೇ. ಏಣಿಯಿಂದ ಬಿದ್ದವನು ಮೊದಲು ಬಾಯಿಬಿಟ್ಟ, "ನಮ್ಮನೇಲಿ ಏಣಿನೇ ಇಲ್ಲ ಮೇಡಂ" ಎಂದ. ಮೊದಲ ತುಂಡು ಅವನಿಗೆ ಹೋಯಿತು. ನೂರಾನಲವತ್ತರಲ್ಲಿ ಮೂವರು. ಉಳಿದವರು ಏನೇನು ಅಡಗಿಸಿದ್ದಾರೋ, ಯಾವ ಯಂತ್ರದಲ್ಲಿ ಏನೇನು ತಂತಿ ಸುತ್ತಿ ನಿಲ್ಲಿಸಿದ್ದಾರೋ ನನಗೆ ಗೊತ್ತಿಲ್ಲ. ದಿನಾ ಗೋಡೆಗೆ ಕಿವಿ ಕೊಟ್ಟು ಕೂರುತ್ತೇನೆ.

ಮೊಳೆಯ ವಿಷಯ. ನಾನು ನಲವತ್ತೆರಡು ವರ್ಷದವಳು. ಇಷ್ಟು ದಿನ ಆ ಮೊಳೆಯನ್ನು ದ್ವೇಷಿಸಿದ್ದೇನೆ. ಅದು ಇರಲಿಲ್ಲ ಎಂದರೆ ಆ ದ್ವೇಷವನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ನಿಮ್ಮ ಮೇಲಿಡಲು ಹೋದರೆ ತೊಡೆಯ ಮೇಲೆ ಕೂತು ತಿಂದ ರುಚಿ ಬಾಯಿಗೆ ಬರುತ್ತದೆ.

ರೇನೊಗೆ ನಾನು ಹೇಳಿಲ್ಲ. ಹೇಳುವುದೂ ಇಲ್ಲ. ಚುಕ್ಕೆ ಹೊಡೆಯುವುದನ್ನು ನಿಮ್ಮಿಂದ ಕಲಿತ ಎಂದು ಅವನು ಆಸ್ಪತ್ರೆಯಲ್ಲಿ ಹೆಮ್ಮೆಯಿಂದಲೇ ಹೇಳಿದ.

ಮುಂದಿನ ಶುಕ್ರವಾರಗಳಲ್ಲೂ ನಿಸು ಇರುತ್ತದೆ. ತುದಿಯ ಒಂದು ತುಂಡನ್ನು ತೆಗೆದಿಡುತ್ತೇನೆ. ಅಂಚೆಯಲ್ಲಿ ಕಳಿಸುವುದಿಲ್ಲ. ಬಂದು, ಎಲ್ಲರೆದುರು, ಅವನೆದುರು ಹೇಳಿ, ಆಮೇಲೆ ತಿನ್ನಿ.

ಮಾರ್ಲಿಸ್


ಹ್ಯಾನ್‌ಕಾಕ್
ಡಿಸೆಂಬರ್ 10, 1994

ಮಾರ್ಲಿಸ್,

ಮಂಗಳವಾರದ ಬಸ್ಸಿಗೆ ಹೊರಡುತ್ತೇನೆ. ಶುಕ್ರವಾರದ ಕಾಫಿಯ ಹೊತ್ತಿಗೆ ಅಲ್ಲಿರುತ್ತೇನೆ. ನಿಲ್ದಾಣಕ್ಕೆ ಯಾರೂ ಬರಬೇಡಿ, ದಾರಿಯಲ್ಲಿ ರೇನೊ ಪಕ್ಕ ಕೂತರೆ ನಾನು ಮತ್ತೆ ಹಿಮದ ವಿಷಯ ಮಾತಾಡಿಬಿಡುತ್ತೇನೆ.

ಆ ಉಳಿಯನ್ನು ಚೀಲದಲ್ಲಿ ಹಾಕಿಕೊಂಡಿದ್ದೇನೆ. ಮೇಜಿನ ಮೇಲಿಟ್ಟು ಶುರು ಮಾಡುತ್ತೇನೆ, ಇಲ್ಲದಿದ್ದರೆ ಮಾತು ಬರುವುದಿಲ್ಲ.

ಈ ವಾರ ಯಾರಿಗೆ ಎದೆ ಝಲ್ ಎಂದಿತು ಎಂದು ಅಲ್ಲಿ ನೀನು ಕೇಳುತ್ತೀಯ. ಅಷ್ಟರವರೆಗೆ ತಡೆಯಲಾರೆ, ಈಗಲೇ ಬರೆದುಬಿಡುತ್ತೇನೆ. ನನಗೆ. ರೇನೊನ ಬಲಗೈ ನೆನೆದು.

ವೈನೊ